ಗಿಡ್ಡ ಮೈಗೆ ಯಾರ ಅಳತೆ?

ನಮ್ಮ ತುಳುನಾಡು ಎತ್ತರವನ್ನು ಕಣ್ತುಂಬ ಕಂಡು ಬೆಳೆದ ನಾಡು. ಶಿರ್ತಾಡಿಯ ಪೇಟೆಯಲ್ಲಿ ನಿಂತವರಿಗೆ ಒಂದು ಕಡೆ ಕಾರ್ಕಳ, ಇನ್ನೊಂದು ಕಡೆ ವೇಣೂರು. ಮೂಡುಬಿದಿರೆಯಂತೂ ಕೆಲವೇ ಮೈಲಿಗಳ ದಾರಿ. ಕಾರ್ಕಳದ ಬಂಡೆಯ ಮೇಲೆ ವೀರಪಾಂಡ್ಯ ಭೈರರಸನು ೧೪೩೨ರಲ್ಲಿ ನಿಲ್ಲಿಸಿದ ಗೊಮ್ಮಟನ ಎತ್ತರ ಸುಮಾರು ೪೨ ಅಡಿ. ತಿಮ್ಮಣ್ಣ ಅಜಿಲನು ೧೬೦೪ರಲ್ಲಿ ವೇಣೂರಿನಲ್ಲಿ ಫಲ್ಗುಣಿಯ ದಡದ ಮೇಲೆ ನಿಲ್ಲಿಸಿದ ಮೂರ್ತಿ ಸುಮಾರು ೩೫ ಅಡಿ. ಈ ಮೂರ್ತಿಗಳ ಪಾದದ ಬಳಿ ಆರಡಿಯ ಆಳೂ ಗಿಡ್ಡನೇ, ನಾಲ್ಕಡಿಯ ಆಳೂ ಗಿಡ್ಡನೇ. ಆದರೆ ಅಲ್ಲಿಂದ ಮನೆಗೆ, ಶಾಲೆಗೆ, ಆಸ್ಪತ್ರೆಗೆ ಹಿಂದಿರುಗಿದೊಡನೆ ಆ ಎರಡಡಿಯ ಅಂತರ ಮತ್ತೆ ದೊಡ್ಡದಾಗಿಬಿಡುತ್ತದೆ.

ಆಸ್ಪತ್ರೆಯ ತಕ್ಕಡಿಯ ಮೇಲೆ ಈ ಅಂತರ ಮಾಡುವ ಕೆಲಸವನ್ನೇ ಇಲ್ಲಿ ನಿಮ್ಮ ಮುಂದಿಡಬೇಕೆಂದಿದ್ದೇನೆ. ಬೊಜ್ಜು ಮಿತಿಮೀರಿ, ಪಥ್ಯದಿಂದಲೂ ನಡಿಗೆಯಿಂದಲೂ ಇಳಿಯದೆ ಹೋದಾಗ, ಜಠರವನ್ನು ಕಿರಿದುಗೊಳಿಸುವ ಅಥವಾ ಕರುಳಿನ ದಾರಿಯನ್ನು ಬದಲಿಸುವ ಶಸ್ತ್ರಕ್ರಿಯೆಯುಂಟೆಂಬುದು ನಿಮಗೆ ಗೊತ್ತಿರುವ ಸಂಗತಿ. ಬೆಂಗಳೂರಿನಲ್ಲಷ್ಟೇ ಅಲ್ಲ, ನಮ್ಮ ಕರಾವಳಿಯಲ್ಲೂ ಅದು ಇಂದು ನಡೆಯುತ್ತದೆ. ಅದು ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಬಹುಮಟ್ಟಿಗೆ ಒಂದು ಅಂಕೆ ತೀರ್ಮಾನಿಸುತ್ತದೆ. ಆ ಅಂಕೆ ಎಲ್ಲಿಂದ ಬಂತು? ಎತ್ತರ ತೀರ ಕಡಿಮೆಯಿರುವವರ ಮೈಗೆ ಅದು ಒಪ್ಪುತ್ತದೆಯೆ? ಇದರ ಹಿಂದೆ ಒಂದು ದೀರ್ಘವಾದ ಚರಿತ್ರೆಯೇ ಇದೆ. ಅದರ ಒಂದು ಪುಟ ಶಿರ್ತಾಡಿಯ ನೆರೆಯಲ್ಲೇ ಇದೆ.

ಮೂಡುಬಿದಿರೆಯ ಗುರುಬಸದಿಯನ್ನು ಸಿದ್ಧಾಂತ ಬಸದಿಯೆಂದೂ ಕರೆಯುವುದುಂಟು. ಷಟ್ಖಂಡಾಗಮವೆಂಬ ಸಿದ್ಧಾಂತ ಗ್ರಂಥವೂ ಅದಕ್ಕೆ ವೀರಸೇನಾಚಾರ್ಯರು ರಾಷ್ಟ್ರಕೂಟರ ಕಾಲದಲ್ಲಿ ಬರೆದ ‘ಧವಲಾ’ ಎಂಬ ವ್ಯಾಖ್ಯಾನವೂ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಉಳಿದು ಬಂದದ್ದು ಈ ಊರಿನಲ್ಲಿ. ೧೯೩೯ರಿಂದ ಅದು ಸಂಪುಟ ಸಂಪುಟವಾಗಿ ಅಚ್ಚಾಗತೊಡಗಿದ ಮೇಲೆಯೇ ಹೊರಗಿನ ವಿದ್ವಾಂಸರ ಕೈಗೆ ಸುಲಭವಾಗಿ ದೊರೆಯಿತು. ಜೀವಕ್ಕೆ ಯಾವ ಕರ್ಮದಿಂದ ಎಂಥ ಶರೀರ ಒದಗುತ್ತದೆ ಎಂಬುದನ್ನು ವಿಂಗಡಿಸುವಾಗ ಆ ಗ್ರಂಥ ಮೈಕಟ್ಟಿನಲ್ಲಿ ಆರು ಬಗೆಗಳನ್ನು ಹೇಳುತ್ತದೆ. ಎಲ್ಲ ಕಡೆಯೂ ಸಮನಾಗಿರುವುದು ಸಮಚತುರಸ್ರ. ಆಲದ ಮರದಂತೆ ಹೊಕ್ಕುಳಿನ ಮೇಲೆ ಹರಡಿಕೊಂಡು ಕೆಳಗೆ ಸಣ್ಣಗಿರುವುದು ನ್ಯಗ್ರೋಧಪರಿಮಂಡಲ. ಹುತ್ತದಂತೆ ಕೆಳಗೆ ದಪ್ಪಗಿದ್ದು ಮೇಲೆ ಸಣ್ಣಗಾಗುವುದು ಸ್ವಾತಿ. ಆಮೇಲೆ ಕುಬ್ಜ, ವಾಮನ. ಕೊನೆಯದಾಗಿ ಯಾವ ಕ್ರಮಕ್ಕೂ ಒಳಪಡದ ಹುಂಡ.

ಕುಬ್ಜ, ವಾಮನ ಎಂಬ ಎರಡು ಮಾತುಗಳನ್ನು ನಾವು ದಿನಬಳಕೆಯಲ್ಲಿ ಒಂದೇ ಅರ್ಥದಲ್ಲಿ ಆಡಿಬಿಡುತ್ತೇವೆ. ವೀರಸೇನಾಚಾರ್ಯರು ಹಾಗೆ ಮಾಡುವುದಿಲ್ಲ. ಕೈಕಾಲುಗಳು ನೀಳವಾಗಿದ್ದು ನಡುಮೈ ಮೊಟಕಾಗಿದ್ದರೆ ಅದು ಕುಬ್ಜ. ಕೈಕಾಲುಗಳು ಮೊಟಕಾಗಿದ್ದು ನಡುಮೈ ನೀಳವಾಗಿದ್ದರೆ ಅದು ವಾಮನ. ಇದು ವೈದ್ಯವಲ್ಲ, ಕರ್ಮಸಿದ್ಧಾಂತ. ಅಲ್ಲಿ ಮದ್ದನ್ನು ಹುಡುಕಬೇಕಾಗಿಲ್ಲ. ಆದರೂ ಒಂದು ಮಾತನ್ನು ಗಮನಿಸಬೇಕು. ಎತ್ತರ ಎಷ್ಟು ಎಂದು ಕೇಳಿ ಅವರು ಸುಮ್ಮನಾಗಲಿಲ್ಲ. ಯಾವ ಭಾಗ ಗಿಡ್ಡ ಎಂದು ಕೇಳಿದರು. ಇಂದಿನ ಮೂಳೆ ವೈದ್ಯರೂ ಎತ್ತರ ಕಡಿಮೆಯಿರುವವರನ್ನು ಕಂಡಾಗ ಮೊದಲು ಕೇಳಿಕೊಳ್ಳುವುದು ಇದನ್ನೇ: ಗಿಡ್ಡಾಗಿರುವುದು ಕೈಕಾಲೋ, ಬೆನ್ನುಮೂಳೆಯ ಭಾಗವೋ?

ವೈದ್ಯಗ್ರಂಥಗಳ ಕಡೆಗೆ ತಿರುಗಿದರೆ, ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯದಲ್ಲಿ ಲೋಕವು ಹೀಗಳೆಯುವ ಎಂಟು ಬಗೆಯ ಮೈಗಳ ಪಟ್ಟಿಯಿದೆ. ಅತಿ ಉದ್ದ, ಅತಿ ಗಿಡ್ಡ, ಕೂದಲೇ ಇಲ್ಲದ್ದು, ಕೂದಲು ಹೆಚ್ಚಾದದ್ದು, ಅತಿ ಕಪ್ಪು, ಅತಿ ಬಿಳುಪು, ಅತಿ ಸ್ಥೂಲ, ಅತಿ ಕೃಶ. ಹೀಗೆ ಎಂಟನ್ನು ಎಣಿಸಿ ಆಚಾರ್ಯರು ಮುಂದಿನ ಮಾತೆಲ್ಲವನ್ನೂ ಕೊನೆಯ ಎರಡಕ್ಕೇ ಮೀಸಲಿಡುತ್ತಾರೆ. ಗಿಡ್ಡತನಕ್ಕೆ ಅವರು ಅಲ್ಲಿ ಔಷಧ ಹೇಳುವುದಿಲ್ಲ; ಸ್ಥೂಲತೆಗೆ ಹೇಳುತ್ತಾರೆ. ಹೊಟ್ಟೆ ತುಂಬಿದಂತಾಗಬೇಕು, ಆದರೆ ಮೈಗೆ ಹೆಚ್ಚು ಪುಷ್ಟಿ ಸೇರಬಾರದು, ಅಂಥ ಆಹಾರ ಕೊಡಿ ಎಂಬುದು ಅವರ ನೀತಿ; ಜವೆ, ಹುರುಳಿ, ಹೆಸರು, ಜೇನು ಮುಂತಾದವು ಆ ಪಟ್ಟಿಯಲ್ಲಿ ಬರುತ್ತವೆ. ಸ್ವಲ್ಪದರಲ್ಲೇ ತೃಪ್ತಿಯಾಗಬೇಕೆಂಬ ಇದೇ ಉದ್ದೇಶವನ್ನು ಇಂದಿನ ಶಸ್ತ್ರವೈದ್ಯರು ಕತ್ತರಿಯಿಂದ ಸಾಧಿಸುತ್ತಾರೆ.

ಅದೇ ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಮೈಯನ್ನು ಅಳೆಯುವ ಕ್ರಮವಿದೆ. ಸಮನಾದ ಶರೀರದ ಎತ್ತರ ೮೪ ಅಂಗುಲ. ಯಾರ ಅಂಗುಲ? ಅಳೆಯುವ ವೈದ್ಯನದಲ್ಲ, ಅರಸನ ಅಳತೆಗೋಲಿನದೂ ಅಲ್ಲ. ಅಳೆಸಿಕೊಳ್ಳುವವನ ಸ್ವಂತ ಬೆರಳಿನದು. ಪಾದ, ಮೊಣಕಾಲು, ತೊಡೆ, ಹೊಟ್ಟೆ, ಎದೆ, ತೋಳು ಇವಕ್ಕೆ ಬೇರೆ ಬೇರೆ ಅಳತೆಗಳೂ ಅಲ್ಲಿವೆ. ಈ ಲೆಕ್ಕದಂತೆ, ಎಲ್ಲ ಅಂಗಗಳೂ ಒಂದೇ ಪ್ರಮಾಣದಲ್ಲಿ ಸಣ್ಣಗಿರುವ ಗಿಡ್ಡ ಆಳು ತನ್ನ ಬೆರಳಿನಿಂದ ತಾನು ೮೪ ಅಂಗುಲವೇ ಆಗುತ್ತಾನೆ, ಅವನಲ್ಲಿ ಕೊರತೆಯಿಲ್ಲ. ಒಂದು ಅಂಗಕ್ಕೂ ಇನ್ನೊಂದಕ್ಕೂ ಹೊಂದಿಕೆ ತಪ್ಪಿದಾಗ ಮಾತ್ರ ಅಳತೆ ಅದನ್ನು ತೋರಿಸಿಕೊಡುತ್ತದೆ. ಹಳೆಯವರಿಗೆ ಎಲ್ಲವೂ ತಿಳಿದಿತ್ತೆಂದು ನಾನು ಹೇಳುತ್ತಿಲ್ಲ. ಎಲ್ಲರಿಗೂ ಒಂದೇ ಗೋಲು ಎಂಬ ಅಭ್ಯಾಸ ಮೈಯ ವಿಷಯದಲ್ಲಿ ಅವರಿಗೆ ಇರಲಿಲ್ಲ. ಅಷ್ಟನ್ನು ಮಾತ್ರ ಹೇಳುತ್ತೇನೆ.

ಆ ಒಂದೇ ಗೋಲು ಬಂದದ್ದು ಯೂರೋಪಿನಿಂದ, ಅದೂ ಒಬ್ಬ ಖಗೋಳ ವಿಜ್ಞಾನಿಯ ಕೈಯಿಂದ. ಬೆಲ್ಜಿಯಮ್ಮಿನ ಅಡಾಲ್ಫ್ ಕೆಟ್ಲೆ ಎಂಬವರು ನಕ್ಷತ್ರಗಳನ್ನು ಲೆಕ್ಕ ಹಾಕಿದಂತೆ ಮನುಷ್ಯರನ್ನೂ ಲೆಕ್ಕ ಹಾಕಹೊರಟರು. ಜನಸ್ತೋಮದ ಸರಾಸರಿಯನ್ನು ತೆಗೆದು ‘ಸರಾಸರಿ ಮನುಷ್ಯ’ನೊಬ್ಬನನ್ನು ಕಲ್ಪಿಸಿದ ಅವರ ಗ್ರಂಥ ೧೮೩೫ರಲ್ಲಿ ಹೊರಬಂತು. ಬೆಳೆದವರಲ್ಲಿ ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು ಅವರು ಕಂಡುಕೊಂಡ ನಿಯಮ. ಬೊಜ್ಜಿನ ವಿಚಾರ ಅವರ ತಲೆಯಲ್ಲಿರಲಿಲ್ಲ. ಒಬ್ಬ ರೋಗಿಯನ್ನು ತೂಗಿ ತೀರ್ಪು ಹೇಳುವುದೂ ಅವರ ಉದ್ದೇಶವಾಗಿರಲಿಲ್ಲ.

ನೂರು ವರ್ಷ ಕಳೆದ ಮೇಲೆ ಜೀವವಿಮೆಯ ಕಂಪೆನಿಗಳು ಈ ಕ್ಷೇತ್ರಕ್ಕೆ ಬಂದವು. ಅಮೆರಿಕದ ಮೆಟ್ರೊಪಾಲಿಟನ್ ಜೀವವಿಮಾ ಕಂಪೆನಿ ೧೯೪೦ರ ದಶಕದಲ್ಲಿ, ಮತ್ತೆ ೧೯೫೯ರಲ್ಲಿ, ಯಾವ ಎತ್ತರಕ್ಕೆ ಎಷ್ಟು ತೂಕ ಒಳ್ಳೆಯದೆಂಬ ಕೋಷ್ಟಕಗಳನ್ನು ಪ್ರಕಟಿಸಿತು. ಅದರ ಆಧಾರವೆಲ್ಲ ವಿಮೆ ಮಾಡಿಸಿದವರ ಆಯುಷ್ಯದ ಲೆಕ್ಕ. ೧೯೭೨ರಲ್ಲಿ ಆನ್ಸೆಲ್ ಕೀಸ್ ಮತ್ತು ಅವರ ಸಂಗಡಿಗರು ಐದು ದೇಶಗಳ ಏಳು ಸಾವಿರಕ್ಕೂ ಮಿಕ್ಕಿದ ಗಂಡಸರನ್ನು ಅಳೆದು, ಕೆಟ್ಲೆಯ ಹಳೆಯ ನಿಯಮಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂಬ ಹೊಸ ಹೆಸರಿಟ್ಟರು. ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕೆ ಅದು. ಅಳೆದವರೆಲ್ಲ ಗಂಡಸರು, ಆ ಐದು ದೇಶಗಳಲ್ಲಿ ಭಾರತವಿರಲಿಲ್ಲ.

ಇನ್ನೊಂದು ಕಡೆ ಶಸ್ತ್ರಕ್ರಿಯೆ ತನ್ನ ದಾರಿಯಲ್ಲಿ ಬೆಳೆಯುತ್ತಿತ್ತು. ೧೯೫೪ರಲ್ಲಿ ಅಮೆರಿಕದ ಕ್ರೆಮೆನ್, ಲಿನ್ನರ್ ಮೊದಲಾದವರು ಸಣ್ಣ ಕರುಳಿನ ಬಹುಭಾಗವನ್ನು ಬಳಸು ದಾರಿಗೆ ಬಿಟ್ಟು ತೂಕ ಇಳಿಸುವ ಕ್ರಮವನ್ನು ವರದಿ ಮಾಡಿದರು. ತೂಕವೇನೋ ಇಳಿಯಿತು. ಆದರೆ ಮುಂದಿನ ವರ್ಷಗಳಲ್ಲಿ ಹಾಗೆ ಮಾಡಿಸಿಕೊಂಡವರಲ್ಲಿ ಬಿಡದ ಭೇದಿ, ಮೂತ್ರಪಿಂಡದ ಕಲ್ಲು, ಯಕೃತ್ತಿನ ರೋಗ ಕಾಣಿಸಿಕೊಂಡು ಆ ಕ್ರಮವನ್ನು ಕೈಬಿಡಬೇಕಾಯಿತು. ೧೯೬೬ರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಜಠರದ ಮೇಲ್ಭಾಗವನ್ನು ಬೇರ್ಪಡಿಸಿ ಕರುಳಿಗೆ ಜೋಡಿಸುವ ಕ್ರಮವನ್ನು ತಂದರು. ಹೊಟ್ಟೆಯಲ್ಲಿ ಸಣ್ಣ ತೂತುಗಳಿಂದಲೇ ಈ ಕೆಲಸ ಮಾಡುವುದು ೧೯೯೪ರ ಹೊತ್ತಿಗೆ ಸಾಧ್ಯವಾಯಿತು. ಜಠರವನ್ನು ಉದ್ದಕ್ಕೆ ಕತ್ತರಿಸಿ ಕೊಳವೆಯಂತೆ ಕಿರಿದಾಗಿಸುವ ಕ್ರಮ ಅದಾದ ಮೇಲೆ ಬಳಕೆಗೆ ಬಂದು ಇಂದು ಎಲ್ಲೆಡೆಯೂ ಪ್ರಚಾರದಲ್ಲಿದೆ.

ಅಂಕೆಗೂ ಕತ್ತರಿಗೂ ಗಂಟುಬಿದ್ದದ್ದು ೧೯೯೧ರಲ್ಲಿ. ಆ ವರ್ಷ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ಸಭೆಯಲ್ಲಿ, ಈ ಅಂಕೆ ೪೦ ಮುಟ್ಟಿದವರಿಗೆ, ಅಥವಾ ೩೫ ಮುಟ್ಟಿ ಬೇರೆ ತೀವ್ರ ರೋಗಗಳೂ ಇರುವವರಿಗೆ ಶಸ್ತ್ರಕ್ರಿಯೆ ಮಾಡಬಹುದೆಂದು ತೀರ್ಮಾನವಾಯಿತು. ನಮ್ಮ ದೇಶದಲ್ಲಿ ೨೦೧೯ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಆರೋಗ್ಯವಿಮೆಯ ನಿಯಮಗಳನ್ನು ಕ್ರಮಪಡಿಸಿದಾಗಲೂ ಇದೇ ೪೦ ಮತ್ತು ೩೫ರ ಗೆರೆಯನ್ನು ಇಟ್ಟುಕೊಂಡಿತು. ವಿಮಾ ಕಂಪೆನಿಯ ಕೋಷ್ಟಕದಿಂದ ಹೊರಟ ವಿಷಯ ಹೀಗೆ ಸುತ್ತಿ ಬಂದು ವಿಮೆಯ ಕಾಗದದಲ್ಲೇ ನಿಂತಿತು.

ಈ ಗೆರೆ ನಮ್ಮವರಿಗೆ ಸರಿಹೊಂದುವುದಿಲ್ಲವೆಂಬುದನ್ನು ನಮ್ಮವರೇ ತೋರಿಸಿಕೊಟ್ಟರು. ೨೦೦೪ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ಡಾಕ್ಟರ್ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮ ಇಬ್ಬರದೇ ಚಿತ್ರವನ್ನು ಅಚ್ಚುಹಾಕಿಸಿದರು. ಇಬ್ಬರ ಅಂಕೆಯೂ ೨೨.೩. ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ ೯.೧, ಯಾಜ್ಞಿಕರ ಮೈಯಲ್ಲಿ ನೂರಕ್ಕೆ ೨೧.೨! ಭಾರತೀಯರಲ್ಲಿ ಕಡಿಮೆ ಅಂಕೆಗೇ ಸಿಹಿಮೂತ್ರ ರೋಗ, ಹೃದಯರೋಗಗಳು ಬರುತ್ತವೆಂಬುದನ್ನು ಒಪ್ಪಿ, ೨೦೦೯ರಲ್ಲಿ ನಮ್ಮ ವೈದ್ಯರು ಪ್ರಕಟಿಸಿದ ಒಮ್ಮತದ ಸೂತ್ರಗಳು ೨೫ನ್ನು ಸ್ಥೂಲತೆಯ ಗೆರೆಯೆಂದೂ, ಶಸ್ತ್ರಕ್ರಿಯೆಗೆ ೩೭.೫, ರೋಗಗಳು ಜತೆಗಿದ್ದರೆ ೩೨.೫ ಎಂದೂ ನಿಗದಿಪಡಿಸಿದವು. ೨೦೨೨ರಲ್ಲಿ ಅಂತರರಾಷ್ಟ್ರೀಯ ಶಸ್ತ್ರವೈದ್ಯ ಸಂಘಗಳು ಏಷ್ಯದವರ ಮಟ್ಟಿಗೆ ಈ ಗೆರೆಯನ್ನು ಇನ್ನಷ್ಟು ಕೆಳಗೆ ತಂದವು. ಜನಾಂಗಕ್ಕೆ ತಕ್ಕ ಅಳತೆ ಬೇಕೆಂಬ ಮಾತು ಹೀಗೆ ಗೆದ್ದಿತು. ಆದರೆ ಮೈಕಟ್ಟೇ ಬೇರೆಯಾಗಿರುವವರ ಮಾತು?

ಸ್ವಲ್ಪ ಗಣಿತ ಮಾಡೋಣ, ಬೇಸರಿಸಬೇಡಿ. ೩೭.೫ರ ಗೆರೆ ಮುಟ್ಟಬೇಕಾದರೆ ೧೭೦ ಸೆಂಟಿಮೀಟರ್ ಎತ್ತರದವರು ೧೦೮ ಕಿಲೋ ತೂಗಬೇಕು. ೧೪೫ ಸೆಂಟಿಮೀಟರಿನ, ಅಂದರೆ ನಾಲ್ಕೂಮುಕ್ಕಾಲು ಅಡಿಯ ಹೆಂಗಸು ೭೯ ಕಿಲೋ ತೂಗಿದರೆ ಸಾಕು. ೧೩೦ ಸೆಂಟಿಮೀಟರಿನವರಿಗೆ ೬೩ ಕಿಲೋ ದಾಟಿದರೆ ಆಯಿತು. ಅಷ್ಟೇ ಏಕೆ, ಅವರು ೪೩ ಕಿಲೋ ತೂಗಿದರೆ ಆಗಲೇ ‘ಸ್ಥೂಲ’ರ ಸಾಲಿಗೆ ಸೇರಿಬಿಡುತ್ತಾರೆ.

ಈಗ ವೀರಸೇನಾಚಾರ್ಯರ ವಾಮನನನ್ನು ನೆನಪಿಗೆ ತಂದುಕೊಳ್ಳಿ. ಕೈಕಾಲು ಮೊಟಕಾಗಿ ನಡುಮೈ ಹೆಚ್ಚುಕಡಿಮೆ ಎಲ್ಲರಷ್ಟೇ ಇರುವ ಮೈಕಟ್ಟಿಗೆ ಇಂದಿನ ವೈದ್ಯರ ಹೆಸರು ಅಕಾಂಡ್ರೋಪ್ಲೇಸಿಯಾ. ೧೮೭೮ರಲ್ಲಿ ಪ್ಯಾರಿಸ್ಸಿನ ಜೂಲ್ ಪರೋ ಇಟ್ಟ ಹೆಸರದು. ಅದಕ್ಕೆ ಕಾರಣವಾದ ಜೀನ್ ಗೊತ್ತಾದದ್ದು ೧೯೯೪ರಲ್ಲಿ. ಇಂಥ ಹತ್ತು ಮಕ್ಕಳಲ್ಲಿ ಸುಮಾರು ಎಂಟು ಮಕ್ಕಳು ಸಾಮಾನ್ಯ ಎತ್ತರದ ತಂದೆತಾಯಿಗಳಿಗೇ ಹುಟ್ಟುತ್ತವೆ. ಇವರ ತಲೆಯೂ ನಡುಮೈಯೂ ತೂಗುವುದು ಬೆಳೆದ ಆಳಿನಷ್ಟು. ಎತ್ತರ ಮಾತ್ರ ಕಾಲಿನಿಂದಾಗಿ ಕಡಿಮೆ. ಆ ಕಡಿಮೆ ಎತ್ತರದಿಂದ ಎರಡು ಸಲ ಭಾಗಿಸಿದರೆ ಅಂಕೆ ತಾನಾಗಿಯೇ ಮೇಲಕ್ಕೆ ಜಿಗಿಯುತ್ತದೆ, ಕೊಬ್ಬು ಇರಲಿ ಬಿಡಲಿ. ಗಿಡ್ಡತನವೆಲ್ಲ ಒಂದೇ ಬಗೆಯದಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಘಟ್ಟದ ಮೇಲೆ ಸಾಗರ ತಾಲೂಕಿನಲ್ಲಿದೆ. ೧೯೭೦ರ ದಶಕದ ನಡುವಿನಲ್ಲಿ ಬೆಳಕಿಗೆ ಬಂದ ‘ಹಂದಿಗೋಡು ರೋಗ’ ಬಡ ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬಂದು ಸೊಂಟದ ಕೀಲುಗಳನ್ನೇ ಹಾಳುಗೆಡಹಿತು. ಕೆಲವರನ್ನು ಗಿಡ್ಡರನ್ನಾಗಿಯೂ ಮಾಡಿತು. ಅಂಥವರ ಕೀಲಿಗೆ ಒಂದು ಕಿಲೋ ಹೆಚ್ಚಾದರೂ ಹೊರೆಯೇ. ಎತ್ತರವನ್ನಷ್ಟೇ ಕೇಳುವ ಕೋಷ್ಟಕಕ್ಕೆ ಇವರಿಬ್ಬರ ನಡುವಿನ ವ್ಯತ್ಯಾಸ ತಿಳಿಯುವ ಬಗೆ ಹೇಗೆ?

ಇದರಿಂದ ಎರಡು ಬಗೆಯ ಅನ್ಯಾಯವಾಗಬಹುದು. ಅಂಕೆಯನ್ನು ನಂಬಿದವರು ಬೊಜ್ಜಿಲ್ಲದವರ ಮೇಲೂ ಬೊಜ್ಜಿನ ಹಣೆಪಟ್ಟಿ ಅಂಟಿಸುತ್ತಾರೆ. ಅಂಕೆಯನ್ನು ನಂಬದವರು ‘ನಿಮ್ಮ ಮೈಯೇ ಹಾಗೆ’ ಎಂದು ಕೈಚೆಲ್ಲಿಬಿಡುತ್ತಾರೆ. ನಿಜ ಇವೆರಡರ ನಡುವೆ ಇದೆ. ಅಕಾಂಡ್ರೋಪ್ಲೇಸಿಯಾ ಇರುವವರಲ್ಲಿ ಬೊಜ್ಜು ಸಾಮಾನ್ಯ ತೊಂದರೆಯೆಂದು ೧೯೮೮ರಲ್ಲೇ ವೈದ್ಯರು ಬರೆದಿಟ್ಟಿದ್ದಾರೆ. ಅವರದೇ ಎತ್ತರಕ್ಕೆ ತಕ್ಕ ತೂಕದ ಕೋಷ್ಟಕ ಹೊರಬರಲು ೧೯೯೬ರ ತನಕ ಕಾಯಬೇಕಾಯಿತು. ಅವರ ಬೆನ್ನುಹುರಿಯ ನಾಳ ಹುಟ್ಟಿನಿಂದಲೇ ಇಕ್ಕಟ್ಟು. ಉಸಿರಿನ ದಾರಿಯೂ ಕಿರಿದಾಗಿ ನಿದ್ದೆಯಲ್ಲಿ ಉಸಿರು ಕಟ್ಟುವುದುಂಟು. ತೂಕ ಏರಿದಂತೆಲ್ಲ ಕಾಲು ಜೋಮು ಹಿಡಿಯುತ್ತದೆ, ನಡಿಗೆ ಕುಗ್ಗುತ್ತದೆ, ನಡಿಗೆ ಕುಗ್ಗಿದಂತೆ ತೂಕ ಮತ್ತೆ ಏರುತ್ತದೆ. ಮೋಟು ಕೈಗೆ ಹೊಟ್ಟೆಯೂ ಅಡ್ಡ ಬಂದರೆ ಸ್ನಾನ, ಶೌಚಗಳಿಗೂ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ. ಹೊರಗಿನವರಿಗೆ ಕಾಣದ ಕಷ್ಟ ಇದು. ತೂಕ ಇಳಿಯುವುದೆಂದರೆ ಇವರಿಗೆ ಅಂದಚಂದದ ವಿಷಯವಲ್ಲ. ತನ್ನ ಕೆಲಸ ತಾನು ಮಾಡಿಕೊಳ್ಳುವ ಸ್ವಾತಂತ್ರ್ಯದ ವಿಷಯ.

ಊಟದಲ್ಲೂ ಇದೇ ತೊಡಕು. ನಮ್ಮ ಮನೆಗಳಲ್ಲಿ ಕುಚ್ಚಲಕ್ಕಿ ಅನ್ನ ಬಡಿಸುವ ಸೌಟು ಎಲ್ಲರಿಗೂ ಒಂದೇ. ಆದರೆ ಮೈ ಚಿಕ್ಕದಿದ್ದಷ್ಟೂ ಅದಕ್ಕೆ ಬೇಕಾದ ಆಹಾರ ಕಡಿಮೆ. ಎತ್ತರದ ಅಣ್ಣನನ್ನು ತೆಳ್ಳಗಾಗಿಸುವ ಪಥ್ಯದಲ್ಲಿ ಗಿಡ್ಡ ತಂಗಿಯ ತೂಕ ಇಳಿಯದೆ ನಿಂತಲ್ಲೇ ನಿಲ್ಲಬಹುದು. ‘ಅವಳು ಕದ್ದು ತಿನ್ನುತ್ತಾಳೆ’ ಎಂದು ಮನೆಯವರು ಆಡುವ ಮಾತು ಎಷ್ಟೋ ಸಲ ಈ ಲೆಕ್ಕ ಗೊತ್ತಿಲ್ಲದೆ ಆಡಿದ ಮಾತು.

ಹಾಗಾದರೆ ಇಂಥವರಿಗೆ ಶಸ್ತ್ರಕ್ರಿಯೆ ಆಗುತ್ತದೆಯೆ? ಆಗಿದೆ. ವೈದ್ಯಪತ್ರಿಕೆಗಳಲ್ಲಿ ಒಬ್ಬೊಬ್ಬರ ಕಥೆಯಾಗಿ ಅದು ವರದಿಯಾಗಿದೆ. ನೂರಾರು ಜನರನ್ನು ಹಲವು ವರ್ಷ ಹಿಂಬಾಲಿಸಿ ನೋಡಿದ ಲೆಕ್ಕದಂಥದಲ್ಲ. ಆದ್ದರಿಂದ ಎಚ್ಚರ ಹೆಚ್ಚು ಬೇಕು. ಮೊಟ್ಟಮೊದಲನೆಯ ತೊಡಕು ರಕ್ತದ ಒತ್ತಡ ನೋಡುವ ಪಟ್ಟಿಯಲ್ಲೇ ಬರುತ್ತದೆ; ಗಿಡ್ಡ, ದಪ್ಪ ತೋಳಿಗೆ ಅದು ಸರಿಯಾಗಿ ಕೂರುವುದಿಲ್ಲ. ಅರಿವಳಿಕೆ ಕೊಡುವವರು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸುವಾಗ ಹುಷಾರಾಗಿರಬೇಕು, ಏಕೆಂದರೆ ತಲೆಬುರುಡೆ ಬೆನ್ನುಮೂಳೆಗೆ ಸೇರುವ ಕಡೆ ಕಿಂಡಿ ಇಕ್ಕಟ್ಟು. ಉಸಿರಿನ ಕೊಳವೆಯ ಗಾತ್ರವನ್ನು ಬೇರೆಯಾಗಿಯೇ ಆರಿಸಬೇಕು. ಹೊಟ್ಟೆಯಲ್ಲಿ ತೂತು ಮಾಡುವ ಜಾಗಗಳ ನಡುವಣ ದೂರವನ್ನೂ ಹೊಸದಾಗಿ ಎಣಿಸಬೇಕು. ಅನಿಲ ತುಂಬಿ ಹೊಟ್ಟೆಯನ್ನು ಉಬ್ಬಿಸಿದಾಗ ಸಣ್ಣ ಎದೆಗೂಡಿನ ಮೇಲೆ ಒತ್ತಡ ಬೀಳುತ್ತದೆ. ಶಸ್ತ್ರಕ್ರಿಯೆಯ ಅನಂತರ ಕಬ್ಬಿಣ, ಸುಣ್ಣ, ಜೀವಸತ್ವಗಳ ಮಾತ್ರೆಗಳೂ ಆಗಾಗ ರಕ್ತಪರೀಕ್ಷೆಯೂ ಜೀವಮಾನವಿಡೀ ಬೇಕಾಗುತ್ತವೆ; ಈ ಮಾತು ಎಲ್ಲರಿಗೂ ಒಂದೇ. ೧೯೫೪ರ ಕ್ರಮ ಕಲಿಸಿದ ಪಾಠ ಇದೇ ಅಲ್ಲವೆ? ತಕ್ಕಡಿಯ ಮುಳ್ಳು ಇಳಿದ ಮಾತ್ರಕ್ಕೆ ಮೈ ಗುಣವಾಯಿತೆಂದಲ್ಲ.

ಕಾನೂನು ಇವರ ಕಡೆ ಕಣ್ಣು ತೆರೆದದ್ದು ತೀರ ಈಚೆಗೆ. ತಲಶ್ಶೇರಿಯ ಸರ್ಕಸ್ಸುಗಳು ನಮ್ಮ ಊರಿನ ಗದ್ದೆಗಳಲ್ಲಿ ಡೇರೆ ಹಾಕುತ್ತಿದ್ದ ಕಾಲದಲ್ಲಿ ಗಿಡ್ಡ ಆಳೆಂದರೆ ನಗಿಸುವ ಆಳು ಎಂಬ ಭಾವನೆ ಬೇರೂರಿತ್ತು. ದೀಪಾವಳಿಯ ರಾತ್ರಿ ಗದ್ದೆಯಲ್ಲಿ ಬಲೀಂದ್ರನನ್ನು ಕೂಗಿ ಕರೆಯುವ ನಾವು, ಅವನ ಲೋಕವನ್ನು ತನ್ನದೇ ಹೆಜ್ಜೆಯಿಂದ ಅಳೆದವನು ಒಬ್ಬ ವಾಮನನೆಂಬುದನ್ನು ಮರೆತಿದ್ದೆವು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಮೊದಲ ಬಾರಿಗೆ ಕುಬ್ಜತೆ ಹೆಸರಿಸಿ ಸೇರಿತು. ವೈದ್ಯಕೀಯ ಅಥವಾ ಆನುವಂಶಿಕ ಕಾರಣದಿಂದ ಬೆಳೆದ ಮೇಲೂ ಎತ್ತರ ೧೪೭ ಸೆಂಟಿಮೀಟರ್, ಅಂದರೆ ನಾಲ್ಕಡಿ ಹತ್ತು ಅಂಗುಲ ದಾಟದಿರುವುದೆಂಬುದು ಅದರ ವ್ಯಾಖ್ಯೆ.

ಅಳತೆಗೋಲಿನಲ್ಲೂ ಬದಲಾವಣೆ ಬರುತ್ತಿದೆ. ೨೦೨೫ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗವೊಂದು, ಆ ಒಂದೇ ಅಂಕೆಯಿಂದ ಯಾರನ್ನೂ ಬೊಜ್ಜಿನ ರೋಗಿಯೆಂದು ತೀರ್ಮಾನಿಸಬಾರದು. ಸೊಂಟದ ಸುತ್ತಳತೆಯನ್ನೋ ಕೊಬ್ಬನ್ನು ನೇರವಾಗಿಯೋ ಅಳೆಯಬೇಕು. ಕೊಬ್ಬಿನಿಂದ ಯಾವ ಅಂಗದ ಕೆಲಸ ಕೆಟ್ಟಿದೆ ಎಂಬುದನ್ನು ನೋಡಬೇಕು ಎಂದು ಹೇಳಿತು. ಸೊಂಟದ ಸುತ್ತಳತೆ ಕೂಡ ಬೆನ್ನು ಒಳಬಾಗಿ ಹೊಟ್ಟೆ ಮುಂದೆ ಬಂದಿರುವ ಮೈಯಲ್ಲಿ ದಾರಿ ತಪ್ಪಿಸಬಹುದು. ಆದರೂ ಪ್ರಶ್ನೆ ಸರಿಯಾದ ಕಡೆ ತಿರುಗಿದೆ.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಎತ್ತರ ಕಡಿಮೆಯಿರುವವರು ತೂಕದ ವಿಷಯವಾಗಿ ವೈದ್ಯರ ಬಳಿಗೆ ಹೊರಟರೆ, ಮೂರು ಪ್ರಶ್ನೆಗಳನ್ನು ಜತೆಗೆ ಕಳಿಸಿಕೊಡಿ. ನನ್ನ ಗಿಡ್ಡತನ ಯಾವ ಬಗೆಯದು? ಈ ಅಂಕೆಯನ್ನು ಬಿಟ್ಟು ನನ್ನ ಕೊಬ್ಬನ್ನು ಬೇರೆ ಹೇಗೆ ಅಳೆದಿದ್ದೀರಿ? ಇದರಿಂದ ನನ್ನ ನಡಿಗೆ, ಉಸಿರು, ನಿದ್ದೆಗಳಲ್ಲಿ ಏನು ಸುಧಾರಿಸಬಹುದು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಉತ್ತರ ಸಿಕ್ಕಿದ ಮೇಲೆ ಶಸ್ತ್ರಕ್ರಿಯೆ ಬೇಕೆಂದಾದರೆ ಧೈರ್ಯವಾಗಿ ಮಾಡಿಸಿಕೊಳ್ಳಲಿ; ಬೇಡವೆಂದಾದರೆ ನೆಮ್ಮದಿಯಾಗಿ ಮನೆಗೆ ಬರಲಿ. ಎರಡರಲ್ಲಿ ಯಾವುದಾದರೂ ಸರಿಯೆ, ತೀರ್ಮಾನ ಅವರ ಮೈಯನ್ನು ನೋಡಿ ಆಗಿರಬೇಕು.